ಚೀಟಿಯಲ್ಲಿರುವ ಹೆಸರು ಹೂವಿನಲ್ಲಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಫಲಪುಷ್ಪ ಪ್ರದರ್ಶನವೊಂದರ ಚಿತ್ರಗಳನ್ನು ಪುಟ ತುಂಬ ಪ್ರಕಟಿಸಿದ್ದೀರಿ. ಅವುಗಳಲ್ಲಿ ಬಹುಮಾನ ಪಡೆದ ಸ್ಲಿಪ್ಪರ್ ಆರ್ಕಿಡ್ ಒಂದರ ಚಿತ್ರವೂ ಇದ್ದು, ಅದರ ಕೆಳಗೆ ‘ಪ್ಯಾಫಿಯೊಪೆಡಿಲಮ್ ಹ್ಯಾರಿಸಿಯಾನಮ್’ ಎಂಬ ಹೆಸರನ್ನು ಕೊಡಲಾಗಿದೆ. ಕುಂಡದಲ್ಲಿ ಚುಚ್ಚಿದ್ದ ಚೀಟಿಯನ್ನು ನೋಡಿಯೇ ತಮ್ಮ ಛಾಯಾಗ್ರಾಹಕರು ಈ ಹೆಸರನ್ನು ಬರೆದುಕೊಂಡಿರಬೇಕಾದ್ದರಿಂದ ತಪ್ಪು ಪತ್ರಿಕೆಯದೆಂದು ನಾನು ಹೇಳುತ್ತಿಲ್ಲ. ಆದರೆ ಆ ಹೂವು ಹ್ಯಾರಿಸಿಯಾನಮ್ ಅಲ್ಲ. ಇದೇ ಹೆಸರಿನ ಚೀಟಿ ಹೊತ್ತ ಗಿಡವೊಂದು ಆರು ವರ್ಷಗಳಿಂದ ನಮ್ಮ ಮನೆಯ ಹಿಂದಿನ ಶೇಡ್ ನೆಟ್ ಕೆಳಗೆ ಬೆಳೆಯುತ್ತಿದೆ. ಅದೂ ಹ್ಯಾರಿಸಿಯಾನಮ್ ಅಲ್ಲವೆಂದು ನನಗೆ ಮನವರಿಕೆಯಾಗುವುದಕ್ಕೆ ಮೂರು ಸಲ ಅದು ಹೂ ಬಿಡಬೇಕಾಯಿತು. ಹೂವಿನ ಯಾವ ಯಾವ ಭಾಗ ಏನೇನು ಹೇಳಿತೆಂಬುದನ್ನು, ಅದು ಹೇಳಲಾರದೆ ಬಿಟ್ಟದ್ದನ್ನೂ ಸೇರಿಸಿ, ಆರ್ಕಿಡ್ ಬೆಳೆಯುವ ಇತರ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಸೀತಾಳೆ ದಂಡೆ ಪರಿಚಿತ. ಮರದ ಕೊಂಬೆಯಿಂದ ಇಳಿಬೀಳುವ ಆ ಹೂಗೊಂಚಲಿಗೂ ಸ್ಲಿಪ್ಪರ್ ಆರ್ಕಿಡ್‌ಗೂ ಇರುವುದು ದೂರದ ನೆಂಟಸ್ತನ ಮಾತ್ರ. ಸ್ಲಿಪ್ಪರ್ ಆರ್ಕಿಡ್‌ನ ಮೂರು ಪುಷ್ಪಪತ್ರಗಳಲ್ಲಿ ಮೇಲಿನದು ಬಾವುಟದಂತೆ ಎದ್ದು ನಿಲ್ಲುತ್ತದೆ. ಕೆಳಗಿನ ಎರಡು ಒಂದಾಗಿ ಬೆಸೆದುಕೊಂಡು ಹೂವಿನ ಹಿಂದೆ ಅಡಗಿರುತ್ತವೆ. ದಳಗಳಲ್ಲಿ ಎರಡು ಎಡಕ್ಕೂ ಬಲಕ್ಕೂ ಚಾಚಿಕೊಂಡರೆ ಮೂರನೆಯದು ಚಪ್ಪಲಿಯ ಮೂತಿಯಂತಹ ಚೀಲವಾಗಿದೆ. ಬಹುಪಾಲು ಆರ್ಕಿಡ್‌ಗಳಲ್ಲಿ ಫಲ ಕೊಡುವ ಕೇಸರ ಒಂದೇ ಇದ್ದರೆ ಇವುಗಳಲ್ಲಿ ಎರಡಿರುತ್ತವೆ. ಇನ್ನೊಂದು ಕೇಸರ ಬಂಜೆಯಾಗಿ, ಸಣ್ಣ ಗುರಾಣಿಯ ರೂಪ ತಾಳಿ, ಚೀಲದ ಬಾಯಿಯ ಮೇಲೆ ಕೂತಿರುತ್ತದೆ. ಚೀಲದೊಳಗೆ ಜಾರಿಬಿದ್ದ ನೊಣ ಬಂದ ದಾರಿಯಲ್ಲಿ ಹೊರಬರಲಾರದೆ ಹಿಂಬದಿಯ ಕಿರುದಾರಿ ಹಿಡಿದು, ಆ ಗುರಾಣಿಯ ಪಕ್ಕದಲ್ಲಿ ನುಸುಳುವಾಗ ಬೆನ್ನಿಗೆ ಪರಾಗ ಅಂಟಿಸಿಕೊಂಡು ಹೋಗುತ್ತದೆ. ಕುತೂಹಲಕ್ಕೆಂದು ಇದನ್ನು ಹೇಳಿದ್ದಲ್ಲ. ತಪ್ಪು ಹೆಸರಿನ ಗಿಡವನ್ನು ಗುರುತಿಸುವಾಗ ಬಾವುಟ, ಪಕ್ಕದ ದಳ, ಬಂಜೆ ಕೇಸರ ಈ ಮೂರೇ ಮುಖ್ಯ ಸಾಕ್ಷಿಗಳು. ನಮ್ಮ ಕಣ್ಣನ್ನು ಮೊದಲು ಸೆಳೆಯುವ ಚೀಲದಿಂದ ಸಿಗುವ ಮಾಹಿತಿ ತೀರಾ ಕಡಿಮೆ.

ಮೊದಲು ಚೀಟಿಯ ಮಾತನ್ನೇ ನಂಬಿ ನೋಡೋಣ. ಹ್ಯಾರಿಸಿಯಾನಮ್ ಸಾಮಾನ್ಯ ಹೆಸರಲ್ಲ. ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಡಾಮಿನಿ ಎಂಬ ತೋಟಗಾರ ವಿಲ್ಲೋಸಮ್ ಮತ್ತು ಬಾರ್ಬೇಟಮ್ ಎಂಬ ಎರಡು ಪ್ರಭೇದಗಳನ್ನು ಕೂಡಿಸಿ ಪಡೆದ ಈ ತಳಿ 1869ರದು, ಸ್ಲಿಪ್ಪರ್ ಆರ್ಕಿಡ್‌ಗಳ ಮಿಶ್ರತಳಿಗಳಲ್ಲಿ ಮೊಟ್ಟಮೊದಲನೆಯದು. ಆರ್ಕಿಡ್ ಹೂಗಳನ್ನು ಕೈಯಾರೆ ಕೂಡಿಸಬಹುದೆಂದು ಡಾಮಿನಿಗೆ ಸೂಚಿಸಿದ ಎಕ್ಸೆಟರ್ ನಗರದ ಶಸ್ತ್ರವೈದ್ಯ ಜಾನ್ ಹ್ಯಾರಿಸ್ ಅವರ ಗೌರವಾರ್ಥ ಈ ಹೆಸರು ಬಂತು. ಇಂಥ ಹಿರಿಮೆಯ ಹೆಸರಾದ್ದರಿಂದಲೇ ಅದು ಯಾವ ಗಿಡಕ್ಕಾದರೂ ಸುಲಭವಾಗಿ ಅಂಟಿಕೊಳ್ಳುತ್ತದೆ ಎಂಬುದು ನನ್ನ ಗುಮಾನಿ. ಅದೇನೇ ಇರಲಿ, ಅಪ್ಪ ಅಮ್ಮ ಯಾರೆಂದು ತಿಳಿದ ಮೇಲೆ ಮಗುವಿನಲ್ಲಿ ಏನನ್ನು ಹುಡುಕಬೇಕೆಂದು ಗೊತ್ತಾಗುತ್ತದೆ. ಮಲಯ ಪರ್ಯಾಯದ್ವೀಪದ ಬಾರ್ಬೇಟಮ್‌ನ ಎಲೆಗಳ ಮೇಲೆ ಕಡುಹಸಿರು ಮತ್ತು ತಿಳಿಹಸಿರಿನ ಚೌಕುಳಿ ಇರುತ್ತದೆ, ಬಾವುಟದ ಮೇಲೆ ಬುಡದಿಂದ ತುದಿಯ ಕಡೆಗೆ ಓಡುವ ದಪ್ಪ ನೇರಳೆ ಗೆರೆಗಳಿರುತ್ತವೆ, ದಳಗಳ ಮೇಲಂಚಿನಲ್ಲಿ ಕೂದಲು ಮೂಡಿದ ಕಪ್ಪು ನರುಳಿಗಳಿರುತ್ತವೆ. ವಿಲ್ಲೋಸಮ್‌ನ ಹೂವಾದರೋ ವಾರ್ನಿಷ್ ಬಳಿದಂತೆ ಹೊಳೆಯುತ್ತದೆ. ಹಾಗಾಗಿ ಹ್ಯಾರಿಸಿಯಾನಮ್‌ನ ಎಲೆಯಲ್ಲಿ ಮಾಸಲಾಗಿಯಾದರೂ ಚೌಕುಳಿ ಕಾಣಬೇಕು, ಬಾವುಟದಲ್ಲಿ ಕಡುನೇರಳೆಯ ಗೆರೆಗಳು ಕಾಣಬೇಕು, ಇಡೀ ಹೂವಿಗೆ ಹೊಳಪಿರಬೇಕು.

ನನ್ನ ಗಿಡದ ಎಲೆಗಳು ನೀರುಳ್ಳಿ ಸೊಪ್ಪಿನಷ್ಟೇ ಸಾದಾ ಹಸಿರು. ಎಳೆಯ ಎಲೆಯನ್ನೂ ಹಳೆಯ ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಚೌಕುಳಿಯ ಸುಳಿವೇ ಇಲ್ಲ. ಹೂ ಬಿಡುವ ಮೊದಲೇ ನನಗೆ ಸಂಶಯ ಹುಟ್ಟಬೇಕಾಗಿತ್ತು, ಹುಟ್ಟಲಿಲ್ಲ. ದುಡ್ಡು ಕೊಟ್ಟು ತಂದ ಗಿಡದ ಚೀಟಿಯನ್ನು ನಂಬುವುದು ಮನುಷ್ಯನ ಸ್ವಭಾವ.

ಮೊದಲ ಹೂವು ಡಿಸೆಂಬರಿನಲ್ಲಿ ಅರಳಿತು. ಬಾವುಟ ಬೆಳ್ಳಗಿತ್ತು, ಬುಡದಲ್ಲಿ ಮಾತ್ರ ತಿಳಿಹಸಿರು. ಅದರ ನಟ್ಟನಡುವೆ, ಬುಡದಿಂದ ತುದಿಯವರೆಗೆ, ಬೈತಲೆಗೆ ಕುಂಕುಮ ತೀಡಿದಂತೆ ಒಂದೇ ಒಂದು ನೇರಳೆ ಗೆರೆ. ಸ್ಲಿಪ್ಪರ್ ಆರ್ಕಿಡ್‌ಗಳ ಪರಿಚಯವಿರುವವರಿಗೆ ಈ ಒಂಟಿ ಗೆರೆ ಸಹಿ ಇದ್ದ ಹಾಗೆ. ಬಿಳಿಯ ಬಾವುಟದ ನಡುವೆ ಒಂಟಿ ನೇರಳೆ ಗೆರೆ ಅಸ್ಸಾಮಿನ ಸ್ಪೈಸರಿಯಾನಮ್ ಪ್ರಭೇದದ ಗುರುತು, ಅದರ ಸಂತಾನದಲ್ಲಿ ಒಂದೆರಡು ತಲೆಮಾರು ಅಳಿಸಿಹೋಗದೆ ಉಳಿಯುವ ಗುರುತು. ಸ್ಪೈಸರಿಯಾನಮ್‌ನ ಬಾವುಟದ ಇಕ್ಕೆಲಗಳು ಬುಡದ ಹತ್ತಿರ ಹಿಂದಕ್ಕೆ ಮಡಿಚಿಕೊಂಡು ಸೊಂಟ ಬಿಗಿದಂತೆ ಕಾಣುತ್ತವೆ. ನನ್ನ ಹೂವಿನಲ್ಲಿ ಆ ಮಡಿಕೆ ಸ್ವಲ್ಪ ಮಟ್ಟಿಗೆ ಮಾತ್ರ ಇತ್ತು, ಬಾವುಟ ಹೆಚ್ಚು ಅಗಲವಾಗಿತ್ತು. ಪಕ್ಕದ ದಳಗಳ ಮೇಲಂಚು ಸೆರಗಿನ ನಿರಿಗೆಯಂತೆ ಅಲೆಯಲೆಯಾಗಿತ್ತು. ಬಂಜೆ ಕೇಸರದಲ್ಲಿ ಸ್ಪೈಸರಿಯಾನಮ್‌ನ ನೇರಳೆಯೂ ಬಿಳಿಯ ಅಂಚೂ ಮಾಸಲಾಗಿ ಉಳಿದಿದ್ದವು, ನಡುವೆ ಹಳದಿಯ ಛಾಯೆ ಸೇರಿಕೊಂಡಿತ್ತು. ತಾಯಿ ತಂದೆಗಳಲ್ಲಿ ಒಬ್ಬರು ಸ್ಪೈಸರಿಯಾನಮ್ ಎಂಬುದು ಇಷ್ಟರಿಂದಲೇ ಖಚಿತವಾಯಿತು. ತಮ್ಮ ಪುರವಣಿಯ ಚಿತ್ರದಲ್ಲಿಯೂ ಆ ಒಂಟಿ ಗೆರೆ ನಿಚ್ಚಳವಾಗಿ ಅಚ್ಚಾಗಿದೆ. ಹ್ಯಾರಿಸಿಯಾನಮ್‌ನ ಹೆತ್ತವರಿಬ್ಬರಲ್ಲಿ ಯಾರಲ್ಲಿಯೂ ಅದು ಇಲ್ಲ.

ಕಷ್ಟವಾದದ್ದು ಎರಡನೆಯ ಪೋಷಕ ಯಾರೆಂದು ಹೇಳುವುದು. ಸಾದಾ ಹಸಿರೆಲೆಯ ಗಿಡವಾದ್ದರಿಂದ ಚೌಕುಳಿ ಎಲೆಯ ಪ್ರಭೇದಗಳೆಲ್ಲ ಬಿಟ್ಟುಹೋಗಿ, ಮುಖ್ಯವಾಗಿ ಇಬ್ಬರು ಉಳಿದರು. ಒಂದು, ಮೇಘಾಲಯದ ಖಾಸಿ ಬೆಟ್ಟಗಳ ಇನ್ಸಿಗ್ನೆ. ಇನ್ನೊಂದು, ಈಶಾನ್ಯ ಭಾರತದಿಂದ ಮ್ಯಾನ್ಮಾರ್, ಥಾಯ್ಲೆಂಡ್ ತನಕ ಹಬ್ಬಿರುವ ವಿಲ್ಲೋಸಮ್. ಸ್ಪೈಸರಿಯಾನಮ್ ಇನ್ಸಿಗ್ನೆಯೊಂದಿಗೆ ಕೂಡಿದರೆ ಹುಟ್ಟುವ ತಳಿಯ ಹೆಸರು ಲೀಯಾನಮ್, ವಿಲ್ಲೋಸಮ್‌ನೊಂದಿಗೆ ಕೂಡಿದರೆ ಲ್ಯಾಥಮಿಯಾನಮ್. ಎರಡೂ ಹತ್ತೊಂಬತ್ತನೆಯ ಶತಮಾನದವು, ಎರಡಕ್ಕೂ ಬಿಳಿಯ ಬಾವುಟ, ಎರಡಕ್ಕೂ ಆ ನೇರಳೆ ಗೆರೆ. ಐದು ಅಡಿ ದೂರದಿಂದ ನೋಡಿದವರು ಒಂದನ್ನು ಇನ್ನೊಂದೆಂದು ತಿಳಿದರೆ ಆಶ್ಚರ್ಯವಿಲ್ಲ.

ಹತ್ತಿರ ಹೋಗಬೇಕು. ವಿಲ್ಲೋಸಮ್ ಎಂಬ ಹೆಸರಿನ ಅರ್ಥವೇ ಕೂದಲುಳ್ಳದ್ದು ಎಂದು. ಅದರ ಹೂದಂಟಿನ ಮೇಲೂ ಅಂಡಾಶಯದ ಮೇಲೂ ಕರಡಿಯ ಮೈಯಂತೆ ಉದ್ದುದ್ದ ರೋಮಗಳಿರುತ್ತವೆ. ಅದರ ಪಕ್ಕದ ದಳವನ್ನು ನಡುವಿನ ಕಪ್ಪುಗೆಂಪು ಗೆರೆಯೊಂದು ಉದ್ದಕ್ಕೆ ಎರಡು ಪಾಲು ಮಾಡಿ, ಮೇಲಿನ ಪಾಲು ಗಾಢ ಕಂದಾಗಿ, ಕೆಳಗಿನ ಪಾಲು ತಿಳಿಯಾಗಿ ಕಾಣುತ್ತದೆ. ಎರಡು ಬಣ್ಣದ ಬಟ್ಟೆಯನ್ನು ಜೋಡಿಸಿ ಹೊಲಿದಂತೆ. ಜೊತೆಗೆ ಆ ವಾರ್ನಿಷ್ ಹೊಳಪು. ಇವು ಮೂರೂ ವಿಲ್ಲೋಸಮ್‌ನ ಮಕ್ಕಳಲ್ಲಿ ಹೆಚ್ಚು ಕಡಿಮೆ ಇಳಿದು ಬರುತ್ತವೆ. ಇನ್ಸಿಗ್ನೆಯ ಗುರುತುಗಳು ಬೇರೆ. ಅದರ ಹಸಿರು ಬಾವುಟದ ತುದಿ ಬಿಳುಪು, ಮೈಮೇಲೆ ಕಂದುನೇರಳೆಯ ಚುಕ್ಕೆಗಳು. ಈ ಚುಕ್ಕೆಗಳು ಬರಿಯ ಬಣ್ಣವಲ್ಲ, ತುಸು ಉಬ್ಬಿರುತ್ತವೆ. ಬೆರಳ ತುದಿಯನ್ನು ಮೆಲ್ಲಗೆ ಆಡಿಸಿದರೆ ತಿಳಿಯುತ್ತದೆ. ಇನ್ಸಿಗ್ನೆಯ ದಳದಲ್ಲಿ ಎರಡು ಬಣ್ಣದ ಪಾಲುಗಳಿಲ್ಲ, ಹಳದಿಗಂದಿನ ಮೇಲೆ ಕಂದು ನರಗಳು ಉದ್ದಕ್ಕೂ ಓಡುತ್ತವೆ. ದಂಟಿನ ರೋಮ ಗಿಡ್ಡ.

ನನ್ನ ಹೂವಿನ ಬಾವುಟದಲ್ಲಿ, ನೇರಳೆ ಗೆರೆಯ ಎರಡೂ ಬದಿಗೆ, ಕೆಳಗಿನ ಅರ್ಧದಲ್ಲಿ ಸಣ್ಣ ನೇರಳೆ ಚುಕ್ಕೆಗಳು ಸಾಲಾಗಿ ಬಂದಿದ್ದವು. ಮೊದಲ ವರ್ಷ ಅವನ್ನು ಕಂಡೂ ನಾನು ಗಮನಿಸಿರಲಿಲ್ಲ. ಎರಡನೆಯ ವರ್ಷ ಬೂತಗನ್ನಡಿ ಹಿಡಿದು ನೋಡಿದೆ, ಬೆರಳಾಡಿಸಿದೆ, ಚುಕ್ಕೆಗಳು ಉಬ್ಬಿದ್ದವು. ದಳದಲ್ಲಿ ನರಗಳಿದ್ದವು, ಎರಡು ಪಾಲಿನ ಬಣ್ಣವಿರಲಿಲ್ಲ. ಹೊಳಪು ಇತ್ತು, ಆದರೆ ಅದು ಮೇಣದ ಹೊಳಪೇ ಹೊರತು ವಾರ್ನಿಷ್‌ನದಲ್ಲ. ಅಂಡಾಶಯದ ಮೇಲಿನ ರೋಮ ಗಿಡ್ಡವಾಗಿ ನೇರಳೆಯಾಗಿತ್ತು. ಮೂರನೆಯ ವರ್ಷ ಇವನ್ನೆಲ್ಲ ಮತ್ತೊಮ್ಮೆ ನೋಡಿ, ಒಂದು ಹೂವನ್ನು ಮನಸ್ಸು ಗಟ್ಟಿಮಾಡಿಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಂಜೆ ಕೇಸರವನ್ನು ಬೇರ್ಪಡಿಸಿ ಬಿಳಿ ಕಾಗದದ ಮೇಲಿಟ್ಟು ಪರಿಶೀಲಿಸಿದೆ. ಎಲ್ಲವೂ ಇನ್ಸಿಗ್ನೆಯತ್ತಲೇ ಕೈತೋರಿದವು. ನನ್ನ ಗಿಡ ಲೀಯಾನಮ್ ಅಥವಾ ಅದರ ಅತಿ ಹತ್ತಿರದ ಸಂತಾನ.

ಬಣ್ಣದ ಗಾಢತೆಯನ್ನು ನಾನು ಸಾಕ್ಷಿಗೆ ತೆಗೆದುಕೊಂಡಿಲ್ಲ. ಮೊಗ್ಗಿನ ಕಾಲದಲ್ಲಿ ಚಳಿ ಜೋರಾಗಿದ್ದ ವರ್ಷ ಹೂವಿನ ನೇರಳೆ ಕಡುವಾಗಿತ್ತು, ಮೋಡ ಕವಿದ ವರ್ಷ ತಿಳಿಯಾಗಿತ್ತು. ಗಾತ್ರವನ್ನೂ ನಂಬಲಾಗದು, ಏಕೆಂದರೆ ಇನ್ಸಿಗ್ನೆಯಲ್ಲೇ ‘ಹೇರ್‌ಫೀಲ್ಡ್ ಹಾಲ್’ ಎಂಬ ಪ್ರಸಿದ್ಧ ಗಿಡ ಮೂರು ಪಟ್ಟಿನ ವರ್ಣತಂತುಗಳನ್ನು ಹೊಂದಿ ತನ್ನ ಜಾತಿಯವರಿಗಿಂತ ಬಹಳ ದೊಡ್ಡ ಹೂ ಬಿಡುತ್ತದೆ. ಗುರುತು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಅದು ಎಷ್ಟು ಕಪ್ಪು ಎಂಬುದು ಬದಲಾಗುತ್ತದೆ. ಹೂವು ಅರಳಿದ ದಿನವೇ ತೀರ್ಮಾನಕ್ಕೆ ಬರಬಾರದೆಂಬುದನ್ನೂ ಅನುಭವದಿಂದ ಹೇಳುತ್ತೇನೆ: ಬಾವುಟ ಪೂರ್ತಿ ಬಿಚ್ಚಿಕೊಳ್ಳಲು ಕೆಲವು ದಿನ ಬೇಕು.

ಇಷ್ಟೆಲ್ಲ ಕಸರತ್ತು ಏಕೆ, ಪ್ರಯೋಗಾಲಯದಲ್ಲಿ ವರ್ಣತಂತುಗಳನ್ನು ಎಣಿಸಿದರಾಯಿತಲ್ಲ ಎಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿರುವ ನನ್ನ ಸೋದರಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ಬಾರ್ಬೇಟಮ್‌ನಲ್ಲಿ 38, ವಿಲ್ಲೋಸಮ್‌ನಲ್ಲಿ 26 ವರ್ಣತಂತುಗಳಿವೆ; ಎರಡರ ಅರ್ಧರ್ಧ ಸೇರಿದರೆ ಹ್ಯಾರಿಸಿಯಾನಮ್‌ಗೆ 32 ಬರಬೇಕು. ಸ್ಪೈಸರಿಯಾನಮ್‌ನಲ್ಲಿ 30, ಇನ್ಸಿಗ್ನೆಯಲ್ಲಿ 26, ಲೀಯಾನಮ್‌ಗೆ 28. ಹಾಗಾಗಿ ಎಣಿಕೆಯಿಂದ ಹ್ಯಾರಿಸಿಯಾನಮ್ ಅಲ್ಲವೆಂದು ಸಾಧಿಸಬಹುದು. ಆದರೆ ಇನ್ಸಿಗ್ನೆಯಲ್ಲೂ ವಿಲ್ಲೋಸಮ್‌ನಲ್ಲೂ 26 ಇರುವುದರಿಂದ ಲ್ಯಾಥಮಿಯಾನಮ್‌ಗೂ 28 ಬರುತ್ತದೆ. ನಿಜವಾದ ಗೊಂದಲವಿರುವ ಜಾಗದಲ್ಲಿಯೇ ಎಣಿಕೆ ಕೈಕೊಡುತ್ತದೆ, ಬೂತಗನ್ನಡಿ ಕೈಹಿಡಿಯುತ್ತದೆ.

ಲೀಯಾನಮ್ ‘ಅಥವಾ ಅದರ ಅತಿ ಹತ್ತಿರದ ಸಂತಾನ’ ಎಂದು ಮೇಲೆ ಹೇಳಿದ್ದಕ್ಕೆ ಕಾರಣವಿದೆ. ಸ್ಪೈಸರಿಯಾನಮ್‌ಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 1880ರಲ್ಲಿ. 1884ರ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ಲೀಯಾನಮ್ ದಾಖಲಾಗಿತ್ತು. ನಮ್ಮ ದೇಶದ ಈಶಾನ್ಯದ ಎರಡು ಬೆಟ್ಟದ ಹೂಗಳು ಪರದೇಶದ ಗಾಜಿನ ಮನೆಯಲ್ಲಿ ಇಷ್ಟು ಬೇಗ ಬೀಗರಾದದ್ದು ಸೋಜಿಗವೇ ಸರಿ. ಆ ತಳಿ ಎಷ್ಟು ಜನಪ್ರಿಯವಾಯಿತೆಂದರೆ ಅದನ್ನು ಬೇರೆ ಬೇರೆ ತೋಟಗಾರರು ಮತ್ತೆ ಮತ್ತೆ ಮಾಡಿದರು, ಲೀಯಾನಮ್ ಅನ್ನು ಪುನಃ ಇನ್ಸಿಗ್ನೆಯೊಂದಿಗೇ ಕೂಡಿಸಿ ಆಕ್ಟೇಯಸ್ ಎಂಬ ಇನ್ನೊಂದು ತಳಿಯನ್ನೂ ಪಡೆದರು. ಆರ್ಕಿಡ್‌ಗಳ ಹೆಸರಿನ ನಿಯಮದ ಪ್ರಕಾರ ಒಂದೇ ಜೋಡಿಯ ಮಕ್ಕಳಿಗೆಲ್ಲ, ಯಾವುದು ತಾಯಿ ಯಾವುದು ತಂದೆ ಎಂಬ ಭೇದವಿಲ್ಲದೆ, ಒಂದೇ ಹೆಸರು. ಆದರೆ ಅಣ್ಣತಮ್ಮಂದಿರ ಮುಖ ಒಂದೇ ಥರ ಇರಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಸ್ಪೈಸರಿಯಾನಮ್ ಕಡೆಗೆ ವಾಲಿದ ಆಕ್ಟೇಯಸ್ ಒಂದು, ಇನ್ಸಿಗ್ನೆಯ ಕಡೆಗೆ ವಾಲಿದ ಲೀಯಾನಮ್ ಒಂದು, ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೂವನ್ನಷ್ಟೇ ನೋಡಿ ಪ್ರಮಾಣ ಮಾಡಿ ಹೇಳುವ ಧೈರ್ಯ ನನಗಿಲ್ಲ. ಹೂವಿನಲ್ಲಿ ಯಾವ ಯಾವ ಪ್ರಭೇದದ ರಕ್ತವಿದೆಯೆಂದು ಹೂವು ಹೇಳಬಲ್ಲದು. ಆ ರಕ್ತ ಎಷ್ಟು ತಲೆಮಾರು ದಾಟಿ ಬಂತೆಂದು ಹೇಳಬೇಕಾದದ್ದು ಗಿಡ ಬೆಳೆಸಿದವರ ಪುಸ್ತಕ. ಅದಕ್ಕಾಗಿಯೇ ಸ್ಯಾಂಡರ್ ಸಂಸ್ಥೆ 1906ರಲ್ಲಿ ಆರ್ಕಿಡ್ ಮಿಶ್ರತಳಿಗಳ ಪಟ್ಟಿಯನ್ನು ಪ್ರಕಟಿಸಿತು, 1961ರಿಂದ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಆ ನೋಂದಣಿಯನ್ನು ನಡೆಸಿಕೊಂಡು ಬರುತ್ತಿದೆ. ಪಟ್ಟಿ ಎಷ್ಟೇ ಸಮರ್ಪಕವಾಗಿದ್ದರೂ ಅದಕ್ಕೂ ಕುಂಡಕ್ಕೂ ನಡುವೆ ಇರುವ ಕೊಂಡಿ ಆ ಪ್ಲಾಸ್ಟಿಕ್ ಚೀಟಿಯೊಂದೇ.

ಆ ಕೊಂಡಿ ಕಳಚುವುದು ಹೇಗೆಂಬುದು ನನಗೆ ಗಿಡ ಮಾರಿದ ನರ್ಸರಿಗೆ ಹೋಗಿ ವಿಚಾರಿಸಿದಾಗ ತಿಳಿಯಿತು. ಅವರು ಬೇರೊಂದು ಕಡೆಯಿಂದ ಹಳೆಯ ಸಂಗ್ರಹವನ್ನು ಸಗಟಾಗಿ ಕೊಂಡಿದ್ದರಂತೆ. ಕುಂಡ ಬದಲಿಸುವಾಗ ಕೆಲವು ಚೀಟಿಗಳು ಉದುರಿದ್ದವು, ಕೆಲವು ಮಾಸಿಹೋಗಿದ್ದವು. ಒಟ್ಟಿಗೆ ಇದ್ದ ಗಿಡಗಳೆಲ್ಲ ಒಂದೇ ಇರಬೇಕೆಂದು ಉಳಿದ ಚೀಟಿಯ ಹೆಸರನ್ನೇ ಎಲ್ಲಕ್ಕೂ ಬರೆದರು. ಇದರಲ್ಲಿ ಮೋಸದ ಉದ್ದೇಶವಿಲ್ಲ, ಉದಾಸೀನವಿದೆ. ಸ್ಲಿಪ್ಪರ್ ಆರ್ಕಿಡ್‌ಗಳನ್ನು ಬಾಳೆಯಂತೆ ಅಂಗಾಂಶ ಕೃಷಿಯಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಹೆಚ್ಚಿಸುವುದು ಇಂದಿಗೂ ಸುಲಭವಾಗಿಲ್ಲ. ಬೀಜದಿಂದ ಬೆಳೆಸಬೇಕು, ಇಲ್ಲವೇ ಬುಡ ಒಡೆದು ಮರಿ ಬೇರ್ಪಡಿಸಬೇಕು. ಬುಡ ಒಡೆದಾಗಲೆಲ್ಲ ತಪ್ಪು ಹೆಸರೂ ಎರಡಾಗುತ್ತದೆ. ಬಹುಮಾನ ಪಡೆದ ಗಿಡವೂ ನನ್ನ ಗಿಡವೂ ಒಂದೇ ಬುಡದಿಂದ ಬಂದವೋ ಏನೋ. ಚಿತ್ರದಲ್ಲಿ ಕಾಣುವಷ್ಟು ಮಟ್ಟಿಗೆ ಗೆರೆ, ಚುಕ್ಕೆ, ದಳದ ಅಲೆ ಎಲ್ಲವೂ ಹೊಂದುತ್ತವೆ. ರೋಮವನ್ನೂ ಚುಕ್ಕೆಯ ಉಬ್ಬನ್ನೂ ಚಿತ್ರದಲ್ಲಿ ಕಾಣಲಾಗದಾದ್ದರಿಂದ ಪ್ರದರ್ಶನದ ಗಿಡ ಹ್ಯಾರಿಸಿಯಾನಮ್ ಅಲ್ಲವೆಂದಷ್ಟೇ ಖಚಿತವಾಗಿ ಹೇಳುತ್ತೇನೆ, ಲೀಯಾನಮ್ ಇರಬಹುದೆಂದು ಊಹಿಸುತ್ತೇನೆ.

ಅಲಂಕಾರದ ಗಿಡದ ಹೆಸರು ಒಂದಲ್ಲದಿದ್ದರೆ ಇನ್ನೊಂದು, ಅದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಮಿಶ್ರತಳಿಗೆ ಇನ್ನೊಂದು ಮಿಶ್ರತಳಿಯ ಹೆಸರಿಟ್ಟರೆ ನಷ್ಟ ಬೆಳೆಗಾರನಿಗೆ ಮಾತ್ರ. ಅದನ್ನು ಬಳಸಿ ಹೊಸ ತಳಿ ಮಾಡಹೊರಟವನ ಹಲವು ವರ್ಷಗಳ ಶ್ರಮ ತಪ್ಪು ವಂಶಾವಳಿಯ ಮೇಲೆ ನಿಲ್ಲುತ್ತದೆ. ಮಿಶ್ರತಳಿಗೆ ಕಾಡಿನ ಪ್ರಭೇದದ ಹೆಸರಿಟ್ಟಾಗ ವಿಷಯ ಹೆಚ್ಚು ಗಂಭೀರ. ಲೀಯಾನಮ್ ಇನ್ಸಿಗ್ನೆಯ ಹೆಸರಿನಲ್ಲಿ ಮಾರಾಟವಾಗುವುದು ಅಪರೂಪವೇನಲ್ಲ. ಪ್ಯಾಫಿಯೊಪೆಡಿಲಮ್ ಕುಲದ ಪ್ರಭೇದಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧದಲ್ಲಿವೆ, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಸ್ಯಗಳ ಪಟ್ಟಿಯಲ್ಲಿಯೂ ಇವೆ. ಕಾಡಿನಿಂದ ಕಿತ್ತ ಗಿಡವನ್ನು ಮಿಶ್ರತಳಿಯೆಂದು ಸಾಗಿಸುವವನಿಗೂ, ಮಿಶ್ರತಳಿಯನ್ನು ಅಪರೂಪದ ಕಾಡುಗಿಡವೆಂದು ನಂಬಿಸಿ ದುಬಾರಿ ಬೆಲೆಗೆ ಮಾರುವವನಿಗೂ ಅನುಕೂಲ ಮಾಡಿಕೊಡುವುದು ಚೀಟಿಯ ವಿಷಯದಲ್ಲಿ ನಾವು ತೋರುವ ಈ ಸಡಿಲತೆಯೇ. ದಕ್ಷಿಣ ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಸ್ಲಿಪ್ಪರ್ ಆರ್ಕಿಡ್ ಒಂದೇ ಒಂದು: ಅಗಸ್ತ್ಯಮಲೆಯ ಡ್ರೂರಿಯೈ, ಹಳದಿ ಹೂವಿನ ಬಾವುಟದ ಮೇಲೂ ದಳಗಳ ಮೇಲೂ ಕಪ್ಪುಗಂದಿನ ದಪ್ಪ ಪಟ್ಟೆ ಎಳೆದುಕೊಂಡ ಚೆಲುವೆ. ಸಂಗ್ರಹಕಾರರ ಆಸೆಗೆ ಸಿಕ್ಕಿ ಅದು ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ. ಅಂಥ ಗಿಡವನ್ನು ಕೃಷಿಯಲ್ಲಿ ಹೆಚ್ಚಿಸಿ ಕಾಡಿಗೆ ಮರಳಿಸಬೇಕಾದರೆ ಹೆತ್ತವರ ಹೆಸರಿನಲ್ಲಿ ಎಳ್ಳಷ್ಟೂ ಸಂಶಯ ಇರಕೂಡದು.

ಪ್ರದರ್ಶನಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಆರ್ಕಿಡ್‌ಗಳಿಗೆ ಬಹುಮಾನ ಕೊಡುವಾಗ ತೀರ್ಪುಗಾರರಲ್ಲಿ ಒಬ್ಬರಾದರೂ ಚೀಟಿಯ ಹೆಸರಿಗೂ ಹೂವಿಗೂ ತಾಳೆ ನೋಡಲಿ. ತಾಳೆಯಾಗದಿದ್ದರೆ ಬಹುಮಾನ ತಪ್ಪಿಸಬೇಕಾಗಿಲ್ಲ, ಹೂವಿನ ಚೆಲುವು ಹೆಸರನ್ನು ಕಾಯುವುದಿಲ್ಲ, ಆದರೆ ಚೀಟಿಯ ಮೇಲೆ ‘ಹೆಸರು ಸಂದೇಹಾಸ್ಪದ’ ಎಂದು ಬರೆಯಲಿ. ಅನುಮಾನ ಹೆಚ್ಚಿದ್ದಲ್ಲಿ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿರುವ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳ ಅಭಿಪ್ರಾಯ ಕೇಳಬಹುದು. ಬೆಳೆಗಾರ ಮಿತ್ರರಲ್ಲಿ ಇನ್ನೊಂದು ಮಾತು. ಹೆಸರು ತಪ್ಪೆಂದು ಕಂಡುಕೊಂಡ ಉತ್ಸಾಹದಲ್ಲಿ ಹಳೆಯ ಚೀಟಿಯನ್ನು ಕಿತ್ತೆಸೆಯಬೇಡಿ. ನಾಳೆ ನಮ್ಮ ಊಹೆಯೇ ತಪ್ಪೆಂದು ತಿಳಿದರೆ ಗಿಡದ ಚರಿತ್ರೆಗೆ ಉಳಿಯುವ ಎಳೆ ಅದೊಂದೇ. ನನ್ನ ಕುಂಡದಲ್ಲಿ ಈಗ ಎರಡು ಚೀಟಿಗಳಿವೆ. ಹಳೆಯದರಲ್ಲಿ ‘ಹ್ಯಾರಿಸಿಯಾನಮ್’ ಎಂದೇ ಇದೆ. ಹೊಸದರಲ್ಲಿ ‘ಹೂವಿನ ಲಕ್ಷಣದಿಂದ ಲೀಯಾನಮ್ ಇರಬಹುದು, ಇನ್ಸಿಗ್ನೆ ಮತ್ತು ಸ್ಪೈಸರಿಯಾನಮ್’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಏಕೆಂದರೆ ಪೆನ್ನಿನ ಶಾಯಿ ನಮ್ಮ ಮಳೆಗೆ ಒಂದು ವರ್ಷವೂ ತಡೆಯುವುದಿಲ್ಲ.

ಮುಂದಿನ ಪುರವಣಿಯಲ್ಲಿ ಅಡಿಬರಹಕ್ಕೆ ಒಂದು ಸಾಲಿನ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ತಮ್ಮ ಪರಿಶೀಲನೆಗೆ ಅನುಕೂಲವಾಗಲೆಂದು ನನ್ನ ಗಿಡದ ನಾಲ್ಕು ಚಿತ್ರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ: ಹೂವಿನ ಮುಂಭಾಗ, ಪಕ್ಕದಿಂದ ಕಾಣುವ ಬಾವುಟದ ಮಡಿಕೆ, ಅಂಡಾಶಯದ ರೋಮ ಮತ್ತು ಬಿಳಿ ಕಾಗದದ ಮೇಲಿಟ್ಟ ಬಂಜೆ ಕೇಸರ. ಮೂರನೆಯ ಚಿತ್ರ ಸ್ವಲ್ಪ ಅಲುಗಿದೆ, ಕ್ಷಮೆಯಿರಲಿ.

ತಮ್ಮ ವಿಶ್ವಾಸಿ,
ಹವ್ಯಾಸಿ ಆರ್ಕಿಡ್ ಬೆಳೆಗಾರ,
ಸಕಲೇಶಪುರ